ನಡುದಾರಿಯಲ್ಲಿ ನಿಲ್ಲುವ ಇಂಜಿನ್: ಕಾರಣ ಹುಡುಕುವ ಬಗೆ

(ಹರೂರಿನಲ್ಲಿ ಸೇರಿದ್ದ ತೋಟದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಇಂದು ನಾನು ಮಾತನಾಡಬೇಕೆಂದಿರುವುದು ಕೂಲಿಯ ವಿಷಯವಲ್ಲ, ಬೋನಸ್ಸಿನ ವಿಷಯವಲ್ಲ. ನಮ್ಮನ್ನು ದಿನವೂ ಬೆಟ್ಟ ಹತ್ತಿಸಿ ಇಳಿಸುವ ಹಳೆಯ ಗಾಡಿಗಳ ವಿಷಯ. ಹರೂರಿನಿಂದ ಯಾವ ಕಡೆಗೆ ಹೊರಟರೂ ಬೆಟ್ಟವೇ. ಸೇಲಂ ಕಡೆಗೆ ಹೋದರೆ ಮಂಜವಾಡಿ ಘಾಟ್, ಇತ್ತ ಚಿತ್ತೇರಿ ಬೆಟ್ಟ, ಅತ್ತ ಏರ್ಕಾಡಿನ ಕಾಫಿ ತೋಟಗಳು. ಸೇಲಂನಿಂದ ಏರ್ಕಾಡಿಗೆ ಹೋಗುವ ರಸ್ತೆಯೊಂದರಲ್ಲೇ 20 ಹೇರ್‌ಪಿನ್ ತಿರುವುಗಳಿವೆ. ಈ ದಾರಿಗಳಲ್ಲಿ ಓಡುವ ಜೀಪು, ವ್ಯಾನು, ಟೆಂಪೋಗಳಲ್ಲಿ ಎಷ್ಟೋ ಗಾಡಿಗಳು ನಮ್ಮ ಮಕ್ಕಳಿಗಿಂತ ವಯಸ್ಸಾದವು. ಮಹೀಂದ್ರದವರು ನಮ್ಮ ದೇಶದಲ್ಲಿ ಜೀಪು ಜೋಡಿಸತೊಡಗಿದ್ದು 1940ರ ದಶಕದ ಕೊನೆಯಲ್ಲಿ. ಅಂದಿನಿಂದ ಬೆಟ್ಟದ ತೋಟಗಳಿಗೂ ಜೀಪಿಗೂ ನಂಟು ಬಿದ್ದಿದೆ. ಹಳೆಯ ಗಾಡಿ ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ಓಡುತ್ತಾ ಓಡುತ್ತಾ ಮಿಸ್ ಹೊಡೆದು, ಕೆಮ್ಮಿ, ತಿರುವಿನ ನಡುವೆ ನಿಂತುಹೋಗುವ ಗಾಡಿಯನ್ನು ನೋಡಿ "ಹಳೇ ಗಾಡಿ, ಹಾಗೇ" ಎಂದು ಸುಮ್ಮನಿರುವುದು ತಪ್ಪು. ಇಂಜಿನ್ ಕಾರಣವಿಲ್ಲದೆ ನಿಲ್ಲುವುದಿಲ್ಲ. ಆ ಕಾರಣವನ್ನು ಕ್ರಮವಾಗಿ ಹುಡುಕಿದರೆ ಬಹಳ ಸಲ ಅದು ಸಣ್ಣ ಖರ್ಚಿನಲ್ಲೇ ಸಿಕ್ಕುತ್ತದೆ.

ಮೆಕ್ಯಾನಿಕ್‌ಗಳು ಮಾತ್ರ ತಿಳಿಯಬೇಕಾದ ವಿಷಯ ಇದು ಎಂದು ಅಕ್ಕಂದಿರು ಭಾವಿಸಬಾರದು. ಹಿಂದೆ ಕುಳಿತು ಬರುವವರು ನೀವು. ಗಾಡಿ ಯಾವ ತಿರುವಿನಲ್ಲಿ ಜರ್ಕು ಹೊಡೆಯಿತು, ಯಾವಾಗ ಹೊಗೆ ಬಂತು ಎಂಬುದು ಡ್ರೈವರಿಗಿಂತ ನಿಮಗೆ ಚೆನ್ನಾಗಿ ಕಾಣುತ್ತದೆ.

ಮೊದಲು ಪ್ರಾಣ, ಆಮೇಲೆ ಇಂಜಿನ್

ರಿಪೇರಿಯ ಮಾತಿಗೆ ಮುಂಚೆ ಒಂದು ಮುಖ್ಯ ಮಾತು. ಘಾಟಿನಲ್ಲಿ ಇಂಜಿನ್ ನಿಂತರೆ ಏನು ಮಾಡಬೇಕು? ಹಲವು ಗಾಡಿಗಳಲ್ಲಿ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಂ ಬೂಸ್ಟರ್ ಇರುತ್ತದೆ. ಇಂಜಿನ್ ನಿಂತ ಮೇಲೆ ಅದರಲ್ಲಿ ಉಳಿದ ಬಲ ಒಂದೆರಡು ಸಲ ಒತ್ತುವುದಕ್ಕೆ ಮಾತ್ರ ಸಾಕು. ಆಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಗ ಬ್ರೇಕ್ ಹೋಯಿತೆಂದು ಗಾಬರಿಯಾಗಬಾರದು. ಬ್ರೇಕ್ ಇದೆ, ಕಾಲಿನ ಪೂರ್ತಿ ಬಲ ಹಾಕಬೇಕು, ಅಷ್ಟೇ. ಕಾಲನ್ನು ಎತ್ತಿ ಎತ್ತಿ ಪಂಪು ಮಾಡಿದರೆ ಉಳಿದ ಬಲವೂ ಹೋಗುತ್ತದೆ. ಆದುದರಿಂದ ಒಂದೇ ಸಲ ಒತ್ತಿ ಹಿಡಿಯಬೇಕು. ಪವರ್ ಸ್ಟೀರಿಂಗ್ ಇದ್ದರೆ ಅದೂ ಭಾರವಾಗುತ್ತದೆ.

ಗಾಡಿಯನ್ನು ಎಡಕ್ಕೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಮುಖ ಮೇಲಕ್ಕಿದ್ದರೆ ಫಸ್ಟ್ ಗೇರ್, ಕೆಳಕ್ಕಿದ್ದರೆ ರಿವರ್ಸ್ ಗೇರ್ ಹಾಕಿ, ಇಳಿಜಾರಿನ ಕಡೆಯ ಚಕ್ರಕ್ಕೆ ಕಲ್ಲು ಕೊಡಿ. ಜನ ಇಳಿಯುವುದು ಬೆಟ್ಟದ ಗೋಡೆಯ ಕಡೆಗೆ, ಕಣಿವೆಯ ಕಡೆಗಲ್ಲ. ಗಾಡಿಯ ಹಿಂದೆ ಯಾರೂ ನಿಲ್ಲಬಾರದು. ಒಬ್ಬರು ಹಿಂದಿನ ತಿರುವಿಗೆ ಹೋಗಿ ಬರುವ ಗಾಡಿಗಳಿಗೆ ಕೈ ತೋರಿಸಬೇಕು.

ಇನ್ನೊಂದು ಕೆಟ್ಟ ಅಭ್ಯಾಸವಿದೆ. ಡೀಸೆಲ್ ಉಳಿಸಲೆಂದು ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ ಬೆಟ್ಟ ಇಳಿಸುವುದು. ಇಂಜಿನ್ ಹಿಡಿತವೂ ಇಲ್ಲ, ಬ್ರೇಕಿನ ಬೂಸ್ಟರೂ ಇಲ್ಲ. ಕಾಯ್ದ ಬ್ರೇಕ್ ಒಂದೇ ಆಧಾರ. ಉಳಿಯುವ ಡೀಸೆಲ್ ಎಷ್ಟು, ಕಳೆಯುವ ಜೀವ ಎಷ್ಟು ಎಂದು ಲೆಕ್ಕ ಹಾಕಿರಿ. ಹಿಂದೆ ಕುಳಿತವರು "ಅಣ್ಣಾ, ಗೇರ್ ಹಾಕಿ ಇಳಿಸಿ" ಎಂದು ಹೇಳುವುದಕ್ಕೆ ಸಂಕೋಚ ಪಡಬೇಕಾಗಿಲ್ಲ.

ಇಂಜಿನ್‌ಗೆ ಬೇಕಾದದ್ದು ಏನು?

ಪೆಟ್ರೋಲ್ ಇಂಜಿನ್‌ಗೆ ಮೂರು ಬೇಕು: ಪೆಟ್ರೋಲ್, ಗಾಳಿ, ಕಿಡಿ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಈ ಅಳತೆಯನ್ನು ನೋಡಿಕೊಳ್ಳುವುದು ಕಾರ್ಬ್ಯುರೇಟರ್. ಬ್ಯಾಟರಿಯ 12 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸಿ ಕಿಡಿ ಕೊಡುವುದು ಕಾಯಿಲ್. ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದು ಸೆಕೆಂಡಿಗೆ 100 ಕಿಡಿ ಬೇಕು. ಅದರಲ್ಲಿ ಕೆಲವು ತಪ್ಪಿದರೆ ಅದೇ ನಮಗೆ ಕೇಳಿಸುವ ಮಿಸ್ಸಿಂಗ್.

ಡೀಸೆಲ್ ಇಂಜಿನ್‌ಗೆ ಕಿಡಿ ಬೇಡ. ಅದು ಗಾಳಿಯನ್ನು ಒತ್ತಿ ಒತ್ತಿ ಸುಮಾರು 500 ಡಿಗ್ರಿಯವರೆಗೆ ಕಾಯಿಸಿ, ಆ ಬಿಸಿಗೆ ಡೀಸೆಲನ್ನು ಸಿಂಪಡಿಸಿ ಉರಿಸುತ್ತದೆ. ಆದುದರಿಂದ ಹಳೆಯ ಡೀಸೆಲ್ ಜೀಪು ಓಡುವಾಗ ನಿಂತರೆ, ಹೆಚ್ಚಿನ ಸಲ ಡೀಸೆಲ್ ಬರುವ ದಾರಿಯಲ್ಲೇ ತೊಂದರೆ ಇರುತ್ತದೆ. ಇಷ್ಟು ತಿಳಿದರೆ ಹುಡುಕುವ ಜಾಗ ಅರ್ಧ ಕಡಿಮೆಯಾಯಿತು.

ಕೇಳಬೇಕಾದ ಐದು ಪ್ರಶ್ನೆಗಳು

ಒಳ್ಳೆಯ ಡಾಕ್ಟರು ಮದ್ದು ಬರೆಯುವ ಮುಂಚೆ ಪ್ರಶ್ನೆ ಕೇಳುತ್ತಾರೆ. ಗಾಡಿಗೂ ಅದೇ ಕ್ರಮ.

ಒಂದು: ಸ್ವಿಚ್ ಆಫ್ ಮಾಡಿದಂತೆ ಫಕ್ಕನೆ ನಿಂತಿತೋ, ಕೆಮ್ಮಿ ಕೆಮ್ಮಿ ಬಲ ಕುಂದಿ ನಿಂತಿತೋ? ಫಕ್ಕನೆ ನಿಂತರೆ ಮೊದಲು ಕರೆಂಟಿನ ಕಡೆ ನೋಡಿ. ಉಸಿರು ಕಟ್ಟಿದಂತೆ ಎಳೆದಾಡಿ ನಿಂತರೆ ಮೊದಲು ಇಂಧನದ ಕಡೆ ನೋಡಿ.

ಎರಡು: ತಣ್ಣಗಿರುವಾಗಲೋ, ಚೆನ್ನಾಗಿ ಕಾಯ್ದ ಮೇಲೋ?

ಮೂರು: ಏರು ಹತ್ತುವಾಗಲೋ, ಕಾಲು ಎತ್ತಿ ಐಡ್ಲಿಂಗ್‌ಗೆ ಬಂದಾಗಲೋ, ಗುಂಡಿಗೆ ಬಿದ್ದಾಗಲೋ?

ನಾಲ್ಕು: ತಕ್ಷಣ ಮತ್ತೆ ಸ್ಟಾರ್ಟ್ ಆಗುತ್ತದೋ, ಹತ್ತಿಪ್ಪತ್ತು ನಿಮಿಷ ಬಿಟ್ಟ ಮೇಲೆ ಆಗುತ್ತದೋ?

ಐದು: ಹೊಸದಾಗಿ ಪೆಟ್ರೋಲ್ ಡೀಸೆಲ್ ಹಾಕಿಸಿದ ಮೇಲೆ, ಮಳೆ ಬಂದ ಮೇಲೆ, ಅಥವಾ ಯಾವುದಾದರೂ ರಿಪೇರಿ ಆದ ಮೇಲೆ ಶುರುವಾಯಿತೋ?

ಈ ಐದು ಉತ್ತರಗಳನ್ನು ಒಂದು ಸಣ್ಣ ನೋಟುಬುಕ್ಕಿನಲ್ಲಿ ತಾರೀಖು ಸಹಿತ ಬರೆದಿಡಿ. ಮೆಕ್ಯಾನಿಕ್ ಎದುರಿಗೆ "ಆಗಾಗ ನಿಲ್ಲುತ್ತೆ ಸಾರ್" ಎಂದರೆ ಅವರು ಊಹೆಯ ಮೇಲೆ ಬಿಚ್ಚುತ್ತಾರೆ. ಬರೆದದ್ದನ್ನು ತೋರಿಸಿದರೆ ತಿಳಿದು ಬಿಚ್ಚುತ್ತಾರೆ.

ಪೆಟ್ರೋಲ್ ಗಾಡಿ

ಹಳೆಯ ಪೆಟ್ರೋಲ್ ಗಾಡಿ ನಿಂತ ಕೂಡಲೇ, ತಣ್ಣಗಾಗುವ ಮುಂಚೆಯೇ ಪರೀಕ್ಷೆ ಮಾಡಬೇಕು. ಜ್ವರ ಇರುವಾಗಲೇ ನಾಡಿ ನೋಡಬೇಕು. ತಣ್ಣಗಾಗಿ ಸ್ಟಾರ್ಟ್ ಆದ ಮೇಲೆ ಏನೂ ಸಿಕ್ಕುವುದಿಲ್ಲ.

ಮೊದಲು ಕಿಡಿ. ಒಂದು ಪ್ಲಗ್ ಬಿಚ್ಚಿ, ಅದರ ವಯರಿಗೆ ಸೇರಿಸಿ, ಪ್ಲಗ್ಗಿನ ಲೋಹವನ್ನು ಇಂಜಿನ್‌ಗೆ ತಾಗಿಸಿ, ರಬ್ಬರ್ ಹಿಡಿಯ ಕಟಿಂಗ್ ಪ್ಲೇಯರಿನಲ್ಲಿ ಹಿಡಿದು ಸೆಲ್ಫ್ ಹೊಡೆಸಿ. ಪ್ಲಗ್ ಬಿಚ್ಚಿದ ತೂತಿನಿಂದ ದೂರ ಹಿಡಿಯಬೇಕು, ಹತ್ತಿರದಲ್ಲಿ ಪೆಟ್ರೋಲ್ ಚೆಲ್ಲಿರಬಾರದು, ಬೀಡಿ ಹತ್ತಿರ ಬರಬಾರದು. ನೀಲಿ ಕಿಡಿ ಚಟಚಟ ಎಂದರೆ ಕಿಡಿ ಸರಿ. ಕೆಂಪಗೆ ಬಲವಿಲ್ಲದೆ ಬಂದರೆ ಅಥವಾ ಬಾರದಿದ್ದರೆ ಕಾಯಿಲ್, ಕಂಡೆನ್ಸರ್, ಪಾಯಿಂಟ್ ನೋಡಬೇಕು. ಕಾಯಿಲ್ ಮತ್ತು ಕಂಡೆನ್ಸರ್ ಬಿಸಿಗೆ ಕೈಕೊಟ್ಟು ತಣ್ಣಗಾದಾಗ ಸರಿಯಾಗುವುದುಂಟು. ಪಾಯಿಂಟಿನ ಸಂದು ಹಲವು ಗಾಡಿಗಳಲ್ಲಿ ಸುಮಾರು 0.4 ಮಿಲಿಮೀಟರ್. ಪಾಯಿಂಟಿನ ಹಿಮ್ಮಡಿ ಸವೆದರೆ ಈ ಸಂದು ಮುಚ್ಚಿಕೊಳ್ಳುತ್ತದೆ. ಡಿಸ್ಟ್ರಿಬ್ಯೂಟರ್ ಒಳಗಿನ ಸಣ್ಣ ವಯರು ಹೊರಗಿನ ಪ್ಲಾಸ್ಟಿಕ್ ಸರಿಯಿದ್ದು ಒಳಗೆ ತುಂಡಾಗಿರುವುದೂ ಉಂಟು. ಆಕ್ಸಿಲರೇಟರ್ ಒತ್ತಿದಾಗ ಒಳಗಿನ ತಟ್ಟೆ ತಿರುಗಿ ವಯರು ಎಳೆಯುತ್ತದೆ, ಇಂಜಿನ್ ಫಕ್ಕನೆ ನಿಲ್ಲುತ್ತದೆ. ಮಳೆಯಲ್ಲಿ ಮಾತ್ರ ಮಿಸ್ ಹೊಡೆದರೆ ಡಿಸ್ಟ್ರಿಬ್ಯೂಟರ್ ಕ್ಯಾಪನ್ನು ಒಣ ಬಟ್ಟೆಯಿಂದ ಒರೆಸಿ, ಕೂದಲೆಳೆಯ ಬಿರುಕು ಇದೆಯೇ ನೋಡಿ.

ಗುಂಡಿಗೆ ಬಿದ್ದಾಗ ನಿಲ್ಲುವ ಗಾಡಿಯಲ್ಲಿ ಬ್ಯಾಟರಿ ಟರ್ಮಿನಲ್, ಇಂಜಿನ್‌ನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿ, ಕೀ ಸ್ವಿಚ್ಚಿನ ಹಿಂದಿನ ವಯರು ಈ ಮೂರನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಕಿಡಿ ಸರಿಯಿದ್ದರೆ ಪೆಟ್ರೋಲ್. ಎಲ್ಲಕ್ಕಿಂತ ಮೊದಲು ಟ್ಯಾಂಕಿನ ಮುಚ್ಚಳ. ಟ್ಯಾಂಕಿನೊಳಗೆ ಗಾಳಿ ಹೋಗುವ ಸಣ್ಣ ದಾರಿ ಧೂಳಿನಿಂದ ಮುಚ್ಚಿದರೆ, ಪೆಟ್ರೋಲ್ ಖಾಲಿಯಾದಂತೆಲ್ಲ ಒಳಗೆ ಗಾಳಿ ಕಡಿಮೆಯಾಗಿ ಪಂಪು ಎಳೆಯಲಾರದೆ ಸೋಲುತ್ತದೆ. ಸ್ವಲ್ಪ ದೂರ ಚೆನ್ನಾಗಿ ಓಡಿ ನಿಲ್ಲುತ್ತದೆ. ಮುಚ್ಚಳ ಬಿಚ್ಚಿದಾಗ ಸುಂಯ್ ಎಂದು ಗಾಳಿ ಒಳಗೆ ಎಳೆದು, ಆಮೇಲೆ ಗಾಡಿ ಸರಿಯಾಗಿ ಓಡಿದರೆ ಕಳ್ಳ ಸಿಕ್ಕಿದ. ಆಮೇಲೆ ಫಿಲ್ಟರು, ಪಂಪು, ಕಾರ್ಬ್ಯುರೇಟರಿನ ಜೆಟ್. ಪಂಪಿನ ಡಯಾಫ್ರಂ ಹರಿದರೆ ಪೆಟ್ರೋಲ್ ಇಂಜಿನ್ ಆಯಿಲಿಗೆ ಇಳಿಯಬಹುದು. ಡಿಪ್ ಸ್ಟಿಕ್ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಆ ಆಯಿಲಿನಲ್ಲಿ ಗಾಡಿ ಓಡಿಸಬೇಡಿ.

ನಮ್ಮ ಕಡೆ ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಇನ್ನೊಂದು ತೊಂದರೆ. ಏರಿನಲ್ಲಿ ನಿಧಾನವಾಗಿ ಹತ್ತುವಾಗ ಇಂಜಿನ್ ಬಿಸಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಗುಳ್ಳೆ ಕಟ್ಟುತ್ತದೆ. ಪಂಪು ಗುಳ್ಳೆಯನ್ನು ತಳ್ಳಲಾರದು. ನೆರಳಿನಲ್ಲಿ ನಿಲ್ಲಿಸಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸಿದರೆ ಓಡುತ್ತದೆ. ಶಾಶ್ವತ ಪರಿಹಾರವೆಂದರೆ ಪೈಪನ್ನು ಸೈಲೆನ್ಸರ್ ಬಿಸಿಯಿಂದ ದೂರ ಸರಿಸಿ ಕಟ್ಟುವುದು.

ಎತ್ತರವೂ ಒಂದು ಕಾರಣ. ಏರ್ಕಾಡು ಸಮುದ್ರ ಮಟ್ಟದಿಂದ ಸುಮಾರು 1500 ಮೀಟರ್ ಮೇಲಿದೆ. ಅಲ್ಲಿನ ಗಾಳಿ ಸಮುದ್ರ ಮಟ್ಟದ ಗಾಳಿಗಿಂತ ನೂರಕ್ಕೆ ಸುಮಾರು 15 ಪಾಲು ತೆಳು. ಕಾರ್ಬ್ಯುರೇಟರಿಗೆ ಇದು ತಿಳಿಯದು; ಕೆಳಗಿನ ಅಳತೆಯಲ್ಲೇ ಪೆಟ್ರೋಲ್ ಸುರಿಯುತ್ತದೆ. ಕಪ್ಪು ಹೊಗೆ ಬರುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಐಡ್ಲಿಂಗ್‌ನಲ್ಲಿ ನಿಲ್ಲುತ್ತದೆ. ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣವಿದ್ದರೆ ಆರೋಗ್ಯ. ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಸುಣ್ಣದಂತೆ ಬಿಳುಪಿದ್ದರೆ ಪೆಟ್ರೋಲ್ ಕಡಿಮೆ.

ಈಚಿನ ಒಂದು ವಿಷಯವನ್ನೂ ಹೇಳಬೇಕು. ಕಬ್ಬು ಮತ್ತು ಧಾನ್ಯಗಳಿಂದ ಬರುವ ಎಥನಾಲನ್ನು ನೂರಕ್ಕೆ 20 ಪಾಲು ಬೆರೆಸಿದ ಪೆಟ್ರೋಲ್ ಮಾರಾಟ ನಮ್ಮ ದೇಶದಲ್ಲಿ 2023ರ ಫೆಬ್ರವರಿಯಲ್ಲಿ ಆರಂಭವಾಗಿ, 2025ರ ಹೊತ್ತಿಗೆ ದೇಶದ ಎಲ್ಲೆಡೆ ಹರಡಿತು. ಎಥನಾಲ್ ನೀರನ್ನು ಎಳೆದುಕೊಳ್ಳುವ ಗುಣದ್ದು. ಬಹಳ ದಿನ ನಿಲ್ಲಿಸಿಟ್ಟ ಗಾಡಿಯಲ್ಲಿ ನೀರು ಬೇರೆಯಾಗಿ ತಳಕ್ಕೆ ಇಳಿಯಬಹುದು. ಹಳೆಯ ಟ್ಯಾಂಕಿನ ಕೊಳೆಯನ್ನು ಅದು ಕರಗಿಸಿ ಫಿಲ್ಟರಿಗೆ ತರುತ್ತದೆ. ಹಳೆಯ ಕಾಲದ ರಬ್ಬರ್ ಪೈಪು, ಡಯಾಫ್ರಂಗಳನ್ನು ಕೆಡಿಸುತ್ತದೆ. ಆದುದರಿಂದ ಹಳೆಯ ಗಾಡಿಗೆ ಎಥನಾಲ್ ತಾಳುವ ಪೈಪು ಹಾಕಿಸಿ, ಫಿಲ್ಟರನ್ನು ಬೇಗ ಬೇಗ ಬದಲಿಸಿ.

ಡೀಸೆಲ್ ಗಾಡಿ

ನಮ್ಮ ತೋಟದ ಜೀಪು, ಟೆಂಪೋ, ಕಬ್ಬಿನ ಟ್ರಾಕ್ಟರುಗಳಲ್ಲಿ ಹೆಚ್ಚಿನವು ಡೀಸೆಲ್. ಇಲ್ಲಿ ಶತ್ರುಗಳು ಮೂರು: ಕೊಳೆ, ನೀರು, ಗಾಳಿ.

ಕೊಳೆ ಬರುವುದು ಬ್ಯಾರಲ್ಲು, ಕ್ಯಾನುಗಳಿಂದ. ತೋಟದಲ್ಲಿ ಬ್ಯಾರಲ್ಲಿನಿಂದ ಡೀಸೆಲ್ ಹಾಕುವಾಗ ತಳದ ತುಕ್ಕನ್ನೂ ಸೇರಿಸಿ ಹಾಕುತ್ತಾರೆ. ಸಣ್ಣ ಜಾಲರಿಯ ಆಲಿಕೆಯಿಲ್ಲದೆ ಹಾಕಬಾರದು. ಸಮತಟ್ಟಿನಲ್ಲಿ ಸರಿಯಾಗಿ ಓಡಿ, ಲೋಡ್ ಸಹಿತ ಏರು ಹತ್ತುವಾಗ ಉಸಿರುಗಟ್ಟುವ ಗಾಡಿಯಲ್ಲಿ ಮೊದಲು ಫಿಲ್ಟರನ್ನು ಸಂಶಯಪಡಿ. ಏರಿನಲ್ಲಿ ಹೆಚ್ಚು ಡೀಸೆಲ್ ಬೇಕು; ಕಟ್ಟಿದ ಫಿಲ್ಟರು ಅಷ್ಟು ಬಿಡುವುದಿಲ್ಲ.

ನೀರು ಬರುವುದು ಮಳೆಯಿಂದ, ರಾತ್ರಿಯ ತಂಪಿಗೆ ಅರೆಖಾಲಿ ಟ್ಯಾಂಕಿನಲ್ಲಿ ಕೂಡುವ ಬೆವರಿನಿಂದ. ಫಿಲ್ಟರಿನ ಕೆಳಗಿನ ಡ್ರೈನ್ ತಿರುಪನ್ನು ಸಡಿಲಿಸಿ ಗಾಜಿನ ಬಾಟಲಿಯಲ್ಲಿ ಸ್ವಲ್ಪ ಹಿಡಿದು ಹತ್ತು ನಿಮಿಷ ಇಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ.

ಗಾಳಿಯೇ ಅತಿ ಮೋಸದ ಶತ್ರು. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲನ್ನು ಎಳೆಯಲಾಗುತ್ತದೆ. ಆ ದಾರಿಯಲ್ಲಿ ವಾಷರ್ ಸವೆದಿದ್ದರೆ ಹೊರಗೆ ಒಂದು ಹನಿಯೂ ಸೋರದೆ ಒಳಗೆ ಗಾಳಿ ಹೋಗುತ್ತದೆ. "ಎಲ್ಲೂ ಲೀಕ್ ಇಲ್ಲ" ಎಂದು ಕಣ್ಣಿನಿಂದ ನೋಡಿ ಹೇಳಿದರೆ ಸಾಲದು. ಪಂಪಿನ ಮುಂದೆ ಒಂದು ತುಂಡು ಡೀಸೆಲ್ ತಾಳುವ ಪಾರದರ್ಶಕ ಪೈಪು ಹಾಕಿ ನೋಡಿದರೆ ಗುಳ್ಳೆ ಹೋಗುವುದು ಕಾಣುತ್ತದೆ. ಡೀಸೆಲ್ ತೀರಾ ಕಡಿಮೆಯಿದ್ದು ಹೇರ್‌ಪಿನ್ ತಿರುವಿನಲ್ಲಿ ಗಾಡಿ ವಾಲಿದರೂ ಟ್ಯಾಂಕಿನ ಪೈಪು ಗಾಳಿ ಎಳೆಯುತ್ತದೆ. ಘಾಟ್ ಹತ್ತುವ ಗಾಡಿಯ ಟ್ಯಾಂಕು ಕಾಲು ಭಾಗಕ್ಕಿಂತ ಕೆಳಗೆ ಹೋಗಬಾರದು.

ಏರ್ ತೆಗೆಯುವ ಕ್ರಮ ಡ್ರೈವರ್ ಅಣ್ಣಂದಿರಿಗೆಲ್ಲ ತಿಳಿದಿರಬೇಕು. ಫಿಲ್ಟರಿನ ಮೇಲಿನ ತಿರುಪು ಸಡಿಲಿಸಿ, ಕೈಪಂಪು ಒತ್ತುತ್ತಾ ಹೋಗಿ, ನೊರೆ ನಿಂತು ಶುದ್ಧ ಡೀಸೆಲ್ ಬಂದಾಗ ಬಿಗಿಯಿರಿ. ಆಮೇಲೆ ದೊಡ್ಡ ಪಂಪಿನ ತಿರುಪಿನಲ್ಲಿ ಹಾಗೆಯೇ ಮಾಡಿ. ಆದರೆ ಇದು ಹಳೆಯ ಬಗೆಯ ಪಂಪಿಗೆ ಮಾತ್ರ. ಕಾಮನ್ ರೈಲ್ ಇಂಜಿನ್‌ನಲ್ಲಿ ಪೈಪು ಸಡಿಲಿಸಬಾರದು. ಯಾವ ಡೀಸೆಲ್ ಇಂಜಿನ್‌ನಲ್ಲಾದರೂ ನಾಜಲ್ ಸಿಂಪಡಿಸುವಾಗ ಬೆರಳು ಒಡ್ಡಬಾರದು. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗಾದರೆ ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು.

ಒಂದು ತೋಟದ ಜೀಪು

ಇಲ್ಲಿ ಒಂದು ಉದಾಹರಣೆ. ನಮ್ಮ ಕಡೆಯ ಬೆಟ್ಟದ ತೋಟವೊಂದರಲ್ಲಿ ಕಾಫಿ ಹಣ್ಣು ಬಿಡಿಸುವ ದಿನಗಳಲ್ಲಿ ಆಳುಗಳನ್ನು ತರುವ ಡೀಸೆಲ್ ಜೀಪು ಏರಿನಲ್ಲಿ ಮಾತ್ರ ನಿಲ್ಲುತ್ತಿತ್ತು. ಇಳಿಯುವಾಗ ಒಂದು ದಿನವೂ ನಿಂತದ್ದಿಲ್ಲ. ಹತ್ತು ನಿಮಿಷ ಬಿಟ್ಟರೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತಿತ್ತು. ತಡವಾಗಿ ಬಂದ ಹೆಂಗಸರಿಗೆ ಅರ್ಧ ದಿನದ ಕೂಲಿ ಹೋಯಿತು. ಫಿಲ್ಟರು ಬದಲಾಯಿತು, ನಾಜಲ್ ಸರ್ವೀಸ್ ಆಯಿತು, ದೊಡ್ಡ ಪಂಪೂ ಇಳಿದು ವರ್ಕ್‌ಶಾಪಿಗೆ ಹೋಗಿ ಬಂತು. ಆದರೂ ನಿಲ್ಲುವುದು ನಿಲ್ಲಲಿಲ್ಲ. ಕಡೆಗೆ ಡ್ರೈವರಿಗೇ ಓಡಿಸಲು ಬಾರದು ಎಂದು ರೈಟರು ಬರೆದು, ಅವನ ಸಂಬಳದಲ್ಲಿ ಹಿಡಿಯುವ ಮಾತು ಬಂತು.

ಆಗ ಒಬ್ಬ ವಯಸ್ಸಾದ ಮೆಕ್ಯಾನಿಕ್ ಮಾಡಿದ್ದು ಇಷ್ಟೇ. ಒಂದು ಶುಭ್ರ ಕ್ಯಾನಿನಲ್ಲಿ ಡೀಸೆಲ್ ತುಂಬಿ, ಭದ್ರವಾಗಿ ಕಟ್ಟಿ, ಟ್ಯಾಂಕನ್ನು ಬಿಟ್ಟು ಕ್ಯಾನಿನಿಂದ ನೇರ ಫೀಡ್ ಪಂಪಿಗೆ ಪೈಪು ಕೊಟ್ಟರು. ಜನರಿಲ್ಲದೆ ಬರಿ ಜಲ್ಲಿ ಲೋಡ್ ಹಾಕಿ ಅದೇ ಏರು ಹತ್ತಿಸಿದರು. ಜೀಪು ನಿಲ್ಲಲಿಲ್ಲ. ಅಂದರೆ ಪಂಪು, ನಾಜಲ್, ಇಂಜಿನ್ ಎಲ್ಲ ಸರಿ, ದೋಷ ಟ್ಯಾಂಕಿನಲ್ಲಿ. ಟ್ಯಾಂಕು ಇಳಿಸಿದರೆ ಒಳಗೆ ಬಟ್ಟೆಯ ಒಂದು ತುಂಡು. ಏರಿನಲ್ಲಿ ಡೀಸೆಲ್ ಎಳೆತ ಹೆಚ್ಚಾದಾಗ ಅದು ಪೈಪಿನ ಬಾಯಿಗೆ ಬಂದು ಅಂಟುತ್ತಿತ್ತು. ಇಂಜಿನ್ ನಿಂತು ಎಳೆತ ನಿಂತಾಗ ತಾನಾಗಿ ಕಳಚಿ ಬೀಳುತ್ತಿತ್ತು. ಅದಕ್ಕೇ ಹತ್ತು ನಿಮಿಷದಲ್ಲಿ ಗಾಡಿ ಸರಿಯಾಗುತ್ತಿದ್ದದ್ದು. ಡ್ರೈವರನ ಸಂಬಳ ಉಳಿಯಿತು. ಆದರೆ ಹೆಂಗಸರ ಅರ್ಧ ದಿನದ ಕೂಲಿಯನ್ನು ಯಾರೂ ಹಿಂದಕ್ಕೆ ಕೊಡಲಿಲ್ಲ.

ಇದರಿಂದ ಕಲಿಯಬೇಕಾದದ್ದು, ದೋಷ ಯಾವ ಅರ್ಧದಲ್ಲಿದೆ ಎಂದು ಮೊದಲು ತಿಳಿಯಬೇಕು. ಆಮೇಲೆ ಸಾಮಾನು ಕೊಳ್ಳಬೇಕು. ಈ ಕ್ಯಾನ್ ಪರೀಕ್ಷೆಯನ್ನು ಡೀಸೆಲ್ ಗಾಡಿಗೆ ಮಾತ್ರ, ತಿಳಿದವರೇ ಮಾಡಬೇಕು. ಪೆಟ್ರೋಲಿನಲ್ಲಿ ಮಾಡಿದರೆ ಬೆಂಕಿಯ ಭಯ.

ಕಂಪ್ಯೂಟರ್ ಇರುವ ಗಾಡಿ

ಈಗ ಹಳೆಯದಾಗಿರುವ ಗಾಡಿಗಳಲ್ಲಿ ಕಾರ್ಬ್ಯುರೇಟರ್ ಇಲ್ಲದೆ ಕಂಪ್ಯೂಟರ್ ಇರುವವೂ ಇವೆ. ಇವು ಕಾಯ್ದಾಗ ಫಕ್ಕನೆ ನಿಂತು, ತಣ್ಣಗಾದಾಗ ಸ್ಟಾರ್ಟ್ ಆದರೆ ಕ್ರ್ಯಾಂಕ್ ಸೆನ್ಸರ್ ಬಿಸಿಗೆ ಕೈಕೊಡುತ್ತಿರಬಹುದು. ಮೀಟರ್ ಹಲಗೆಯಲ್ಲಿ ಇಂಜಿನ್ ದೀಪ ಹತ್ತಿದರೆ ಬ್ಯಾಟರಿ ವಯರು ಬಿಚ್ಚಿ ಆರಿಸಬೇಡಿ; ಕಂಪ್ಯೂಟರ್ ನೆನಪಿಟ್ಟ ಗುರುತು ಅಳಿಸಿಹೋಗಬಹುದು. ಸ್ಕ್ಯಾನರ್ ಇರುವ ಕಡೆ ಒಯ್ದು ಓದಿಸಿರಿ. ಹಾಗೆ ಓದಿದ್ದು ಸುಳಿವು ಮಾತ್ರ. ಸೆನ್ಸರ್ ಕೊಳ್ಳುವ ಮುಂಚೆ ಅದರ ವಯರು, ಪ್ಲಗ್ಗು ಸರಿಯಿದೆಯೇ ಎಂದು ನೋಡಿಸಿರಿ.

ಖರ್ಚು ಮತ್ತು ಹೊಣೆ

ಮೊದಲು ಖರ್ಚಿಲ್ಲದ ಪರೀಕ್ಷೆ, ಆಮೇಲೆ ಕಡಿಮೆ ಖರ್ಚಿನದು, ಕಡೆಗೆ ದೊಡ್ಡದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಗಾಡಿ ಸರಿಯಾದರೂ ಯಾವುದರಿಂದ ಎಂದು ತಿಳಿಯುವುದಿಲ್ಲ. ಬಿಚ್ಚಿದ ಹಳೆಯ ಸಾಮಾನನ್ನೂ ಬಿಲ್ಲನ್ನೂ ಕೇಳಿ ಪಡೆಯಿರಿ. ಸ್ವಂತ ಗಾಡಿ ಇಟ್ಟು ಬಾಡಿಗೆ ಹೊಡೆಯುವ ನಮ್ಮ ತಮ್ಮಂದಿರಿಗೆ ಇದು ಮುಖ್ಯ. ಸಾಲದ ಕಂತು ಕಟ್ಟುವ ದುಡ್ಡು ಬೇಡದ ಪಂಪಿಗೆ ಹೋಗಬಾರದು.

ತೋಟದ ಗಾಡಿಯಾದರೆ, ಸವೆದ ಫಿಲ್ಟರಿಗೆ ಡ್ರೈವರ್ ಹೊಣೆಯಲ್ಲ. ಆದರೆ ದೋಷ ಕಂಡ ದಿನವೇ ನೋಟುಬುಕ್ಕಿನಲ್ಲಿ ಬರೆದು, ರೈಟರಿಗೋ ಮೇಸ್ತ್ರಿಗೋ ತೋರಿಸಿ ಸಹಿ ಪಡೆಯುವುದು ಅವನ ಹೊಣೆ. ಆ ಸಹಿಯೇ ನಾಳೆ ಅವನನ್ನು ಕಾಯುವುದು. ಬಾಡಿಗೆಗೆ ಓಡುವ ವಾಹನಕ್ಕೆ ಎಂಟು ವರ್ಷ ಕಳೆದ ಮೇಲೆ ಫಿಟ್‌ನೆಸ್ ಸರ್ಟಿಫಿಕೇಟನ್ನು ಪ್ರತಿ ವರ್ಷ ಮಾಡಿಸಬೇಕೆಂದು ನಿಯಮವಿದೆ. ಅದರ ತಾರೀಖನ್ನು ಕೇಳಿ ತಿಳಿಯಿರಿ.

ಸಾಮಾನು ಗಾಡಿಯ ಹಿಂದೆ ನಿಂತು ಬೆಟ್ಟ ಹತ್ತುವ ಅಕ್ಕಂದಿರಿಗೆ ಒಂದು ಮಾತು. ಸಾಮಾನು ಗಾಡಿಯಲ್ಲಿ ಬಿಟ್ಟಿಯಾಗಿ ಪ್ರಯಾಣ ಮಾಡುವವರಿಗೆ ಅಪಘಾತವಾದರೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪು ಕೊಟ್ಟಿತು. ನಿಂತು ನಿಂತು ಹೋಗುವ ಇಂಜಿನ್, ಮೇಲೆ ಜನರಿಗಾಗಿ ಅಲ್ಲದ ಗಾಡಿ, ಕೆಳಗೆ ಕಣಿವೆ. ಇಂಥ ಗಾಡಿಗೆ ಹತ್ತುವುದಿಲ್ಲ ಎಂದು ಒಬ್ಬರೇ ಹೇಳಿದರೆ ಕೆಲಸ ಹೋದೀತು. ಲೈನಿನವರೆಲ್ಲ ಸೇರಿ ಹೇಳಿದರೆ ಗಾಡಿ ರಿಪೇರಿಯಾಗುತ್ತದೆ.

ಆದುದರಿಂದ ಇಂದು ಮನೆಗೆ ಹೋದ ಮೇಲೆ ಮೂರು ಕೆಲಸ ಮಾಡಿ. ನಿಮ್ಮ ಗಾಡಿಯಲ್ಲಿ ಒಂದು ನೋಟುಬುಕ್ಕು, ಒಂದು ಪೆನ್ಸಿಲ್ ಇಡಿ. ಚಕ್ರಕ್ಕೆ ಕೊಡುವ ಎರಡು ಮರದ ತುಂಡು ಸೀಟಿನ ಕೆಳಗೆ ಇರಲಿ. ನಾಳೆ ಬೆಳಿಗ್ಗೆ ಬೆಟ್ಟ ಹತ್ತುವ ಮುಂಚೆ ಫಿಲ್ಟರಿನ ತಳದಿಂದ ಸ್ವಲ್ಪ ಡೀಸೆಲ್ ಬಾಟಲಿಯಲ್ಲಿ ಹಿಡಿದು ನೀರಿದೆಯೇ ನೋಡಿ.